ಅತ್ತೆಯ ಅಂತ್ಯಾಕ್ಷರಿಗೆ ಅರ್ಧ ಬೆಲೆಯ ರೌಟರ್

ಕೆಲವರಿಗೆ ಬಂಗಾರದ ಅಂಗಡಿ ಕಂಡರೆ ಮೈ ಜುಮ್ಮೆನ್ನುತ್ತದೆ, ಕೆಲವರಿಗೆ ರೇಷ್ಮೆ ಸೀರೆ ಕಂಡರೆ. ನನಗೆ ಇಂಥದೇ ಆಗಬೇಕೆಂದಿಲ್ಲ. ವಸ್ತು ಯಾವುದೇ ಇರಲಿ, ಅದರ ಹಳೆಯ ಬೆಲೆಯ ಮೇಲೆ ಕೆಂಪು ಗೀಟು ಎಳೆದು ಪಕ್ಕದಲ್ಲಿ ಹೊಸ ಬೆಲೆ ಬರೆದಿದ್ದರೆ ಸಾಕು, ನನ್ನ ಕಾಲು ತಾನಾಗಿಯೇ ಅತ್ತ ತಿರುಗುತ್ತದೆ. ಆ ಗೀಟನ್ನು ಅಂಗಡಿಯವನು ನನಗೋಸ್ಕರವೇ ಎಳೆದಿದ್ದಾನೆ, ನಾನು ಒಳಗೆ ಹೋಗದಿದ್ದರೆ ಅವನ ಮನಸ್ಸಿಗೆ ನೋವಾಗುತ್ತದೆ ಎಂದು ಅನ್ನಿಸಿಬಿಡುತ್ತದೆ. ಹೀಗೆ ಕೊಂಡು ತಂದ ಎಡಗೈಯವರ ಕತ್ತರಿ, ಇಪ್ಪತ್ತು ಮಂದಿಗಾಗುವ ಇಡ್ಲಿ ಪಾತ್ರೆ, ಕಪ್ಪೆಯ ಆಕಾರದ ಛತ್ರಿ ಸ್ಟ್ಯಾಂಡು ಇವೆಲ್ಲ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಅಟ್ಟದ ಮೇಲೆ ವಿಶ್ರಾಂತಿ ಪಡೆಯುತ್ತಿವೆ. ಆ ಅಟ್ಟವನ್ನು ನನ್ನ ಗಂಡ ಪ್ರಹ್ಲಾದರು ವಸ್ತುಸಂಗ್ರಹಾಲಯ ಎಂದು ಕರೆಯುತ್ತಾರೆ. ನಾನು ಶಾಲೆಯಲ್ಲಿ ಇತಿಹಾಸ ಕಲಿಸುವವಳು, ಹಾಗಾಗಿ ಅದನ್ನು ಹೊಗಳಿಕೆ ಎಂದೇ ಭಾವಿಸಿದ್ದೇನೆ. ಆದರೆ ಈಗ ಹೇಳಹೊರಟ ಖರೀದಿ ಆ ಜಾತಿಯದಲ್ಲ. ಅದರ ಹಿಂದೆ ನಮ್ಮ ಅತ್ತೆಯ ಮಾನದ ಪ್ರಶ್ನೆ ಇತ್ತು.

ಅತ್ತೆ ಅಂಬಾಬಾಯಿಯವರು ಕಲಬುರಗಿಯ ಕಡೆಯವರು, ಎಂಬತ್ತು ದಾಟಿದ್ದಾರೆ. ಅವರಿಗೆ ಮೂವರು ತಂಗಿಯರು. ಒಬ್ಬರು ಕಲಬುರಗಿಯಲ್ಲೇ ಇದ್ದಾರೆ, ಇನ್ನೊಬ್ಬರು ಬೀದರಿನಲ್ಲಿ, ಎಲ್ಲರಿಗಿಂತ ಕಿರಿಯರಾದ ಇಂದೂ ಮೌಶಿ, ಅಂದರೆ ಇಂದೂ ಚಿಕ್ಕಮ್ಮ, ಸೊಲ್ಲಾಪುರದಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾಲ್ವರೂ ವಿಡಿಯೋ ಕರೆಯಲ್ಲಿ ಸೇರಿ ದೇವರ ಹಾಡುಗಳ ಅಂತ್ಯಾಕ್ಷರಿ ಆಡುತ್ತಾರೆ. ಒಬ್ಬರು ಹಾಡಿ ನಿಲ್ಲಿಸಿದ ಅಕ್ಷರದಿಂದ ಇನ್ನೊಬ್ಬರು ಶುರು ಮಾಡಬೇಕು. ದೇವರ ಹಾಡು ಎಂದ ಮಾತ್ರಕ್ಕೆ ಅಲ್ಲಿ ಭಕ್ತಿಯ ವಾತಾವರಣ ಇರುತ್ತದೆಂದು ಯಾರೂ ತಿಳಿಯಬಾರದು. ಕಬಡ್ಡಿ ಮೈದಾನದಲ್ಲೂ ಅಷ್ಟು ಕೂಗಾಟ ಇರುವುದಿಲ್ಲ. ಇಂದೂ ಮೌಶಿಯಂತೂ ಮುಂದಿನವರಿಗೆ ತೊಡಕಿನ ಅಕ್ಷರವೇ ಸಿಗಬೇಕೆಂದು ಲೆಕ್ಕ ಹಾಕಿ ಹಾಡು ನಿಲ್ಲಿಸುವವರು.

ತೊಂದರೆ ಏನೆಂದರೆ, ಸರಿಯಾಗಿ ಅತ್ತೆಯ ಸರದಿ ಬಂದಾಗಲೇ ನಮ್ಮ ನೆಟ್‌ವರ್ಕ್ ಕೈಕೊಡುತ್ತಿತ್ತು. ಅತ್ತೆ ಹಾಡಲು ಬಾಯಿ ತೆರೆಯುವರು, ಚಿತ್ರ ಅಲ್ಲಿಗೇ ನಿಂತುಬಿಡುವುದು. ಆ ಕಡೆ ಮೂವರಿಗೂ ಕಾಣುವುದು ಕಣ್ಣು ಅರಳಿಸಿ, ಬಾಯಿ ತೆರೆದು, ಕೈ ಎತ್ತಿ ನಿಂತ ಒಂದು ವಿಗ್ರಹ. "ಅಂಬಕ್ಕಾ, ಹಾಡಽ ಬರವಲ್ದೇನು?" ಎಂದು ಇಂದೂ ಮೌಶಿ ಒಂದಷ್ಟು ಹೊತ್ತು ಕಾಯುವರು, ಆಮೇಲೆ ತಾವೇ ಗೆದ್ದೆವೆಂದು ಘೋಷಿಸಿಕೊಳ್ಳುವರು. ಇಷ್ಟಕ್ಕೇ ಮುಗಿದಿದ್ದರೆ ಸರಿ. ಒಂದು ದಿನ ಅವರು ಪ್ರಹ್ಲಾದರಿಗೆ ಪ್ರತ್ಯೇಕ ಫೋನ್ ಮಾಡಿ, "ಪಲ್ಲ್ಯಾ, ಅಕ್ಕಗ ಮರವು ಭಾಳ ಆಗೇತೇನೋ ನೋಡು. ಒಮ್ಮೆ ಡಾಕ್ಟರಿಗೆ ತೋರಸಪ್ಪಾ" ಎಂದುಬಿಟ್ಟರು. ಪ್ರಹ್ಲಾದರ ಮುಖದಲ್ಲಿ ಅಳುಕು ಕಾಣಿಸಿತು. ಪಕ್ಕದಲ್ಲೇ ಬತ್ತಿ ಹೊಸೆಯುತ್ತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಅವರು ಬತ್ತಿಯ ತಟ್ಟೆಯನ್ನು ಠಣ್ಣೆಂದು ಕೆಳಗಿಟ್ಟು, "ನನ್ನ ತಲಿ ಛಲೋ ಐತಿ. ಕೆಟ್ಟಿದ್ದು ನಿಮ್ಮ ನೆಟ್ಟು" ಎಂದರು. ಅಂದು ರಾತ್ರಿ ಊಟಕ್ಕೂ ಬರಲಿಲ್ಲ.

ನನಗೆ ರೋಷ ಉಕ್ಕಿತು. ನೆಟ್ಟು ಕೆಟ್ಟಿದ್ದು ನಿಜವೇ. ನಮ್ಮ ಫ್ಲ್ಯಾಟು ರೈಲಿನ ಡಬ್ಬಿಯಂತೆ ಉದ್ದಕ್ಕೆ ಇದೆ. ರೌಟರು ಮುಂಬಾಗಿಲ ಪಕ್ಕದಲ್ಲಿ, ಅತ್ತೆಯ ಕೋಣೆ ಅಡುಗೆಮನೆ ದಾಟಿ ಇನ್ನೊಂದು ತುದಿಯಲ್ಲಿ, ನಡುವೆ ಎರಡು ದಪ್ಪ ಗೋಡೆ, ಒಂದು ಕಬ್ಬಿಣದ ಕಪಾಟು. ಹಾಲಿಗೇ ಬಂದು ಕುಳಿತುಕೊಳ್ಳಿ ಎಂದು ಹೇಳಿ ನೋಡಿದ್ದೆ. "ಬಾಗಲ ಮುಂದ ಕೂತು ಹಾಡಿದ್ರ ಹೋಗೋ ಬರೋ ಮಂದಿ ಭಿಕ್ಷಾ ಹಾಕ್ಯಾರು" ಎಂದು ಆ ಸಲಹೆಯನ್ನು ಅವರು ತಳ್ಳಿಹಾಕಿದ್ದರು. ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಗೋಲ್ಕೊಂಡ ಕೋಟೆಗೆ ಕರೆದೊಯ್ದು, ಬಾಗಿಲ ಹತ್ತಿರ ನಿಂತು ಚಪ್ಪಾಳೆ ತಟ್ಟಿಸಿ, ಅದು ಬೆಟ್ಟದ ತುದಿಯಲ್ಲಿ ಕೇಳಿಸುವ ಸೋಜಿಗವನ್ನು ವರ್ಣಿಸುವವಳು ನಾನು. ಅಷ್ಟು ಹಳೆಯ ಕಾಲದವರು ಒಂದು ಚಪ್ಪಾಳೆಯನ್ನು ಬೆಟ್ಟ ಹತ್ತಿಸಿದ್ದರು. ನನಗೆ ಒಂದು ದೇವರನಾಮವನ್ನು ಅಡುಗೆಮನೆ ದಾಟಿಸಲು ಆಗುತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು. ಬರುವ ಭಾನುವಾರದೊಳಗೆ ಹೊಸ ಸಲಕರಣೆ ತಂದೇ ತರುತ್ತೇನೆ ಎಂದು ಅತ್ತೆಯ ಎದುರು ಘೋಷಿಸಿದೆ. ನಿಜ ಹೇಳಬೇಕೆಂದರೆ, ಆ ರೋಷದ ಅಡಿಯಲ್ಲಿ ಒಂದು ಪುಳಕವೂ ಇತ್ತು. ನಾನು ಇನ್ನೂ ಕಾಲಿಡದ ಒಂದು ಬಗೆಯ ಅಂಗಡಿಗೆ ಕಾಲಿಡಲು ಕಾರಣ ಸಿಕ್ಕಿತ್ತು.

ಪ್ರಹ್ಲಾದರು ಸರ್ಕಾರಿ ಸ್ವಾಮ್ಯದ ಒಂದು ಕಾರ್ಖಾನೆಯಲ್ಲಿ ಖರೀದಿ ವಿಭಾಗದಲ್ಲಿದ್ದಾರೆ. ಅಲ್ಲಿ ಒಂದು ಟೇಬಲ್ ಫ್ಯಾನ್ ಕೊಳ್ಳಬೇಕೆಂದು ಬೇಸಿಗೆಯಲ್ಲಿ ಯಾರಿಗಾದರೂ ಹೊಳೆದರೆ, ಫ್ಯಾನ್ ಬಂದು ತಲುಪುವಾಗ ಎಲ್ಲರೂ ಸ್ವೆಟರ್ ಹಾಕಿಕೊಂಡಿರುತ್ತಾರೆ. "ಮೊದಲ ನಮಗ ಏನು ಬೇಕು ಅಂತ ನಿಕ್ಕಿ ಮಾಡು. ಆಮ್ಯಾಲೆ ಮೂರು ಕಡೆ ರೇಟ್ ಕೇಳು. ಬೋರ್ಡ್ ನೋಡಿ ಒಳಗ ಓಡಬ್ಯಾಡ" ಎಂದು ನನಗೆ ಬುದ್ಧಿ ಹೇಳಿದರು. ನಾನು ತಲೆಯಾಡಿಸಿದೆ. ಎರಡು ದಿನ ಕುಳಿತು ಇಂಟರ್ನೆಟ್ಟಿನಲ್ಲಿ ವಿಡಿಯೋ ನೋಡಿದೆ. ನೋಡುವಾಗ ಅವೂ ನಡುನಡುವೆ ನಿಂತು ನಿಂತು ಹೋಗುತ್ತಿದ್ದವು. ಅರ್ಧ ತಿಳಿಯಿತು, ಉಳಿದರ್ಧಕ್ಕೆ ಧೈರ್ಯ ತುಂಬಿಕೊಂಡು ಶನಿವಾರ ಮನೆ ಬಿಟ್ಟೆ.

ಮೊದಲ ಅಂಗಡಿ ನಮ್ಮ ಮೆಟ್ರೋ ನಿಲ್ದಾಣದ ಹತ್ತಿರವೇ, ಗಾಜಿನ ಬಾಗಿಲು, ಒಳಗೆ ಚಳಿ. ಟೈ ಕಟ್ಟಿದ ತರುಣನೊಬ್ಬ ಎದುರು ಬಂದು, "ಗೇಮಿಂಗ್ ಕೋಸಮಾ ಮೇಡಂ?" ಎಂದು ತೆಲುಗಿನಲ್ಲಿ ಕೇಳಿದ. ಆಟಕ್ಕಾಗಿಯೇ ತಾನೇ? ಹೌದೆಂದೆ. ಅವನ ಕಣ್ಣುಗಳು ಮಿನುಗಿದವು. ಬರೀ ಹೊತ್ತು ಕಳೆಯಲು ಆಡುವುದೋ ಅಥವಾ ಸ್ಪರ್ಧೆಯೋ ಎಂದು ಕೇಳಿದ. ಭಾರೀ ಸ್ಪರ್ಧೆ ಎಂದೆ. ಹಾಗಿದ್ದರೆ ಕಣ್ಣು ಮಿಟುಕಿಸುವಷ್ಟು ತಡವಾದರೂ ಎದುರಾಳಿ ಹೊಡೆದು ಹಾಕುತ್ತಾನೆ ಎಂದ. "ಅದೇ ಆಗ್ತಿದೆ ನೋಡಿ" ಎಂದು ನಾನು ತೆಲುಗಿನಲ್ಲಿ ಹೆಚ್ಚೂಕಡಿಮೆ ಕೂಗಿದೆ. ನನ್ನ ಕಷ್ಟವನ್ನು ಅರ್ಥ ಮಾಡಿಕೊಂಡ ಮೊದಲ ಮನುಷ್ಯ ಅವನು. ಎಂಟು ಕೊಂಬುಗಳ, ಒಳಗೆ ಕೆಂಪು ದೀಪ ಉರಿಯುವ ಒಂದು ಕರಿಯ ರಾಕ್ಷಸನನ್ನು ತಂದು ನನ್ನ ಮುಂದಿಟ್ಟು, ಆಡುವುದು ನಿಮ್ಮ ಮಗನೇ ಎಂದು ವಿಚಾರಿಸಿದ. ಅಲ್ಲ, ನಮ್ಮ ಅತ್ತೆ, ಎಂಬತ್ತು ದಾಟಿದೆ ಎಂದೆ. ಅವನು ಆ ಪೆಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಅದರ ಮೇಲೆ ಕೆಂಪು ಗೀಟು ಇರಲಿಲ್ಲವಾದ್ದರಿಂದ ನನಗೂ ಬೇಸರವಾಗಲಿಲ್ಲ.

ಅಲ್ಲಿಂದ ನೇರ ಸಿಕಂದರಾಬಾದ್. ಕಂಪ್ಯೂಟರ್ ಅಂಗಡಿಗಳ ಒಂದು ಕಟ್ಟಡದ ನೆಲಮಾಳಿಗೆಯ ಮೆಟ್ಟಿಲ ಬಳಿ ಬಟ್ಟೆಯ ಬ್ಯಾನರ್ ತೂಗುತ್ತಿತ್ತು: ಎಲ್ಲ ಸರಕು ಅರ್ಧ ಬೆಲೆಗೆ. ಪ್ರಹ್ಲಾದರ ಮಾತು ನನಗೆ ನೆನಪಿತ್ತು. ಹಾಗಾಗಿ ಓಡಲಿಲ್ಲ, ಬಿರುಸಾಗಿ ನಡೆದೆ. ಕೆಳಗೆ ಬಿಳಿ ಗಡ್ಡದ ಅಂಗಡಿಯ ಯಜಮಾನರು ಚಹಾ ಕುಡಿಯುತ್ತ ಕುಳಿತಿದ್ದರು. "ಆವ್ ಅಮ್ಮಾ, ಆವ್. ದೇಖ್ನೇ ಕೇ ಪೈಸೇ ನಕ್ಕೋ" ಎಂದರು. ನೋಡಲು ದುಡ್ಡು ಬೇಡವಂತೆ! ಇಂಥ ಮಾತಾಡುವವರ ಅಂಗಡಿಯಿಂದ ಬರಿಗೈಯಲ್ಲಿ ಹೊರಬರುವ ಕಲ್ಲುಹೃದಯ ನನ್ನದಲ್ಲ. ಬಾಗಿಲು ಮುಚ್ಚಿದ ಯಾವುದೋ ದೊಡ್ಡ ಆಫೀಸಿನ ಸಾಮಾನೆಲ್ಲ ಅಲ್ಲಿ ಬಂದು ಬಿದ್ದಿತ್ತು. ವೈರುಗಳ ಗುಡ್ಡ, ಚಾವಣಿಗೆ ಅಂಟಿಸುವ ಬಿಳಿ ತಟ್ಟೆಗಳು, ಬೀರುವಿನಂಥ ಕಪಾಟುಗಳು. ನಡುವೆ ಹಾರ್ಮೋನಿಯಂ ಅಗಲದ ಒಂದು ಕಬ್ಬಿಣದ ಪೆಟ್ಟಿಗೆ. ಅದರ ಮುಖದ ತುಂಬ ವೈರು ಚುಚ್ಚುವ ತೂತುಗಳು, ಸಾಲು ಸಾಲಾಗಿ. ಒಂದು ಮಹಡಿಯ ತುಂಬ ಜನ ಒಟ್ಟಿಗೆ ಕೆಲಸ ಮಾಡಬಹುದಾದ ಪೆಟ್ಟಿಗೆಯಂತೆ. ಅರ್ಧವೂ ಅಲ್ಲ, ಕಾಲು ಬೆಲೆ! ನನ್ನ ಎದೆ ಹೊಡೆದುಕೊಳ್ಳತೊಡಗಿತು. ತೂಕದ ಲೆಕ್ಕದಲ್ಲಿ ಹಾಕಿದರೂ ಇಷ್ಟು ಅಗ್ಗಕ್ಕೆ ಕಬ್ಬಿಣ ಸಿಗಲಾರದು ಅನ್ನಿಸಿತು.

ಕೂಡಲೇ ಪ್ರಹ್ಲಾದರಿಗೆ ಫೋನ್ ಮಾಡಿ ವರ್ಣಿಸಿದೆ. ಅವರು ಶಾಂತವಾಗಿ ಕೇಳಿದರು, "ನಮ್ಮ ಮನ್ಯಾಗ ಎಷ್ಟು ಮಂದಿ ಅದೀವಿ?"

"ಮೂರು."

"ಅದಕ್ಕ ತೂತು ಎಷ್ಟು ಅದಾವು?"

"ಮುಂದ ಬೇಕಾದೀತಲ್ರೀ."

"ಮುಂದ ಅಂದ್ರ? ನಾವೇನು ಕಾಲೇಜ್ ತೆಗೀತೀವೇನು?"

ಆಗಲೇ ಯಜಮಾನರು ನನ್ನ ಸಂತೋಷಕ್ಕೆಂದು ಆ ಪೆಟ್ಟಿಗೆಯ ಸ್ವಿಚ್ ಒತ್ತಿದರು. ಅದು ಗೊರ್ರೆಂದು ಶುರುವಾಗಿ, ಆಮೇಲೆ ಸಿಳ್ಳೆ ಹಾಕುತ್ತ, ಇನ್ನೇನು ನೆಲ ಬಿಟ್ಟು ಮೇಲೇಳುವ ವಿಮಾನದಂತೆ ಮೊರೆಯಿತು. ಫೋನಿನಲ್ಲಿ ಅದನ್ನು ಕೇಳಿದ ಪ್ರಹ್ಲಾದರು, "ಅವ್ವ ಹಾಡೂದು ಬ್ಯಾಡ ಅಂತ ಮಾಡೀಯೇನು?" ಎಂದರು. ಬಹಳ ದುಃಖದಿಂದ ಆ ಪೆಟ್ಟಿಗೆಯನ್ನು ಬಿಟ್ಟುಕೊಟ್ಟೆ.

ನನ್ನ ಬಾಡಿದ ಮುಖ ನೋಡಿ ಯಜಮಾನರು ಹಿಂದಿನ ಕಪಾಟಿನಿಂದ ಒಂದು ಡಬ್ಬ ಇಳಿಸಿದರು. ಒಳಗೆ ಬಿಸಿ ಇಡ್ಲಿಯಂತೆ ಬೆಳ್ಳಗಿದ್ದ ಮೂರು ಗುಂಡು ಪೆಟ್ಟಿಗೆಗಳು. ವಿಡಿಯೋದಲ್ಲಿ ನೋಡಿದ್ದೆ, ಗುರುತು ಸಿಕ್ಕಿತು! ಒಂದನ್ನು ಬಾಗಿಲ ಬಳಿ ಇಡಬೇಕು, ಒಂದನ್ನು ನಡುಮನೆಯಲ್ಲಿ, ಒಂದನ್ನು ಕೊನೆಯ ಕೋಣೆಯಲ್ಲಿ. ಕಟ್ಟಡ ಕಟ್ಟುವವರು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ಎಸೆಯುವ ಹಾಗೆ ಅವು ಸಿಗ್ನಲನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಯಾರೋ ಕೊಂಡು, ಡಬ್ಬ ಬಿಚ್ಚಿ, ಬೇಡವೆಂದು ಮರಳಿಸಿದ್ದಂತೆ. ಆದ್ದರಿಂದ ಅರ್ಧ ಬೆಲೆ. ಈ ಸಲ ನಾನು ಖರೀದಿ ವಿಭಾಗದವರ ಹೆಂಡತಿಯಂತೆಯೇ ವರ್ತಿಸಿದೆ. ಗ್ಯಾರಂಟಿ ಇನ್ನೂ ಇದೆಯೇ, ಪಕ್ಕಾ ಬಿಲ್ ಕೊಡುತ್ತೀರಾ, ಮೂರಕ್ಕೂ ಚಾರ್ಜರ್ ಇದೆಯೇ ಎಂದು ಕೇಳಿದೆ. ಮೂರನ್ನೂ ಅಲ್ಲೇ ಹಚ್ಚಿಸಿ, ಫೋನ್ ಹಿಡಿದು ನೆಲಮಾಳಿಗೆಯ ಮೂಲೆಮೂಲೆಗೂ ನಡೆದು ನೋಡಿದೆ. ಎಲ್ಲಿ ಹೋದರೂ ಸಿಗ್ನಲಿನ ಗೆರೆಗಳು ತುಂಬಿಯೇ ಇದ್ದವು. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಜಾಣತನ ಅಲ್ಲಿಗೆ ಮುಗಿಯಿತು. ಇದೊಂದು ವೈರಿನ ಸುರುಳಿಯನ್ನೂ ತೆಗೆದುಕೊಂಡರೆ ಇನ್ನಷ್ಟು ಬಿಡುತ್ತೇನೆ ಎಂದು ಯಜಮಾನರು ಹೇಳಿದರು. ನಮಗೆ ವೈರಿನ ಅಗತ್ಯ ಎಳ್ಳಷ್ಟೂ ಇರಲಿಲ್ಲ. ಆದರೆ ರಿಯಾಯಿತಿಯ ಮೇಲೆ ರಿಯಾಯಿತಿ ಎನ್ನುವಾಗ ಬೇಡ ಎನ್ನಲು ಬಾಯಿ ಬರಬೇಕಲ್ಲ? ನೀಲಿ ವೈರಿನ ಸುರುಳಿಯನ್ನು ಹೆಗಲಿಗೆ ಏರಿಸಿಕೊಂಡು, ಡಬ್ಬವನ್ನು ಮಗುವಿನಂತೆ ಅವಚಿಕೊಂಡು ಮೆಟ್ರೋ ಹತ್ತಿದೆ. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಾಗ ಒಬ್ಬ ಹಿರಿಯರು ನನ್ನನ್ನು ತಡೆದು, ಎಸ್ಕಲೇಟರ್ ಯಾವಾಗ ರಿಪೇರಿ ಆಗುತ್ತದೆ ಎಂದು ಕೇಳಿದರು. ಆದಷ್ಟು ಬೇಗ ಎಂದೆ.

ಭಾನುವಾರ ಬೆಳಿಗ್ಗೆ ಸ್ಥಾಪನೆ. ಪೆಟ್ಟಿಗೆಗಳ ದೀಪ ಮೊದಲು ಕೆಂಪಗೆ ಮಿನುಗಿತು, ಆಮೇಲೆ ಹಳದಿಯಾಗಿ ಅಲ್ಲೇ ನಿಂತಿತು. ನಾನು ಉಸಿರು ಬಿಗಿ ಹಿಡಿದೆ. ಬಾಗಿಲಿನದು ಹಸಿರಾಯಿತು, ನಡುಮನೆಯದು ಹಸಿರಾಯಿತು, ಕೊನೆಗೆ ಅತ್ತೆಯ ಕೋಣೆಯದೂ ಹಸಿರಾಯಿತು! ನಾನು ಕೂಗಿದ ಕೂಗಿಗೆ ಎದುರು ಫ್ಲ್ಯಾಟಿನವರು ಬಾಗಿಲು ತೆರೆದು, ಮಗನಿಗೆ ಸೀಟು ಸಿಕ್ಕಿತೇ ಎಂದು ವಿಚಾರಿಸಿದರು. ನಮಗೆ ಮಗನಿಲ್ಲ. ಪ್ರಹ್ಲಾದರು ಮಾತ್ರ ಫೋನ್ ಹಿಡಿದು ಇಡೀ ಮನೆ ತಪಾಸಣೆ ಮಾಡುತ್ತ ನಡೆದರು. ಸ್ವಲ್ಪ ಹೊತ್ತಿಗೆ ಬಚ್ಚಲುಮನೆಯೊಳಗಿಂದ ಅವರ ದನಿ ಕೇಳಿಸಿತು: "ಏ ಸುಮಿತ್ರಾ, ಇಲ್ಲೂ ಬರಾಕತ್ತೈತಿ!" ಮದುವೆಯಾದ ಮೇಲೆ ಅವರು ನನ್ನ ಖರೀದಿಯನ್ನು ಹೊಗಳಿದ್ದು ಅದೇ ಮೊದಲು, ಅದೂ ಅಲ್ಲಿಂದ.

ಅತ್ತೆ ಮಾತ್ರ ಮಂಚದ ಮೇಲೆ ಕುಳಿತು ಆ ಬಿಳಿ ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದರು. "ಇನ್ನ ನಿಲ್ಲೂದಽ ಇಲ್ಲೇನು ಚಿತ್ರ?" ಎಂದು ಕೇಳಿದರು. ಇನ್ನು ಜನ್ಮದಲ್ಲಿ ನಿಲ್ಲುವುದಿಲ್ಲ ಅತ್ತೆ ಎಂದು ಹೆಮ್ಮೆಯಿಂದ ಹೇಳಿದೆ. "ಒಮ್ಮೊಮ್ಮೆನೂ ನಿಲ್ಲೂದಿಲ್ಲಾ?" "ಇಲ್ಲವೇ ಇಲ್ಲ." ಅವರು "ಛಲೋ ಆತು ಬಿಡವಾ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು. ಸಂತೋಷದಿಂದ ಮಾತು ಹೊರಡುತ್ತಿಲ್ಲ ಪಾಪ ಎಂದುಕೊಂಡೆ.

ಮಧ್ಯಾಹ್ನ ಆಟ ಶುರುವಾಯಿತು. ಚಿತ್ರ ಕನ್ನಡಿಯಂತೆ ಇತ್ತು, ದನಿ ಗಂಟೆಯಂತೆ. ನಾನು ಮಂಚದ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ, ಪೆಟ್ಟಿಗೆಯ ಹಸಿರು ದೀಪದ ಮೇಲೆ ಕಣ್ಣಿಟ್ಟು ಕುಳಿತೆ. ಮೊದಲ ಮೂರು ಸರದಿಯಲ್ಲಿ ಅತ್ತೆ ಪಟಪಟನೆ ಹಾಡಿದರು. ನಾಲ್ಕನೆಯದರಲ್ಲಿ ಇಂದೂ ಮೌಶಿ ತಮ್ಮ ಹಾಡನ್ನು ತಂದು 'ಡ' ಅಕ್ಷರದ ಮೇಲೆ ನಿಲ್ಲಿಸಿದರು. ಅತ್ತೆ ಬಾಯಿ ತೆರೆದರು. ಕೈ ಎತ್ತಿದರು. ಕಣ್ಣು ಅರಳಿಸಿದರು. ಹಾಡು ಬರಲಿಲ್ಲ. ಫೋನಿನಲ್ಲಿ ಅವರ ಚಿತ್ರ ನಿಂತುಬಿಟ್ಟಿತ್ತು.

ದೀಪ ನೋಡಿದರೆ ಹಸಿರು! ಎದ್ದು ನಡುಮನೆಗೆ ಓಡಿದೆ, ಅಲ್ಲಿಯೂ ಹಸಿರು. ಬಾಗಿಲ ಬಳಿ ಓಡಿದೆ, ಹಸಿರು. ಮರಳಿ ಓಡಿ ಬಂದು, ಅತ್ತೆಯ ಹಿಂದಿನಿಂದ ಮಂಚ ಹತ್ತಿ, ಆ ಕೊನೆಯ ಪೆಟ್ಟಿಗೆಯ ವೈರನ್ನು ಅಲುಗಿಸಿದೆ. ಆಗ ಸೊಲ್ಲಾಪುರದಿಂದ ಇಂದೂ ಮೌಶಿಯ ದನಿ ಸ್ಪಷ್ಟವಾಗಿ ಕೇಳಿಸಿತು.

"ಅಲ್ಲವಾ, ಅಂಬಕ್ಕ ಕಲ್ಲಾಗಿ ನಿಂತಾಳ. ಆಕಿ ಹಿಂದ ಸೊಸಿ ಹೆಂಗ ಓಡ್ಯಾಡಾಕತ್ತಾಳು?"

ನಾನು ವೈರು ಹಿಡಿದಲ್ಲೇ ನಿಂತೆ. ಬಗ್ಗಿ ಅತ್ತೆಯ ಮುಖ ನೋಡಿದೆ. ಅವರು ನಿಜವಾಗಿಯೂ ಹಾಗೆಯೇ ಕುಳಿತಿದ್ದರು. ಬಾಯಿ ತೆರೆದು, ಕೈ ಎತ್ತಿ, ಉಸಿರನ್ನೂ ಬಿಡದೆ. ಎಂಬತ್ತು ದಾಟಿದ ಜೀವ ರೆಪ್ಪೆ ಮಿಟುಕಿಸದೆ ಅಷ್ಟು ಹೊತ್ತು ಕೂರುವುದು ಸಣ್ಣ ಸಾಧನೆಯಲ್ಲ. ಎಷ್ಟು ವಾರಗಳ ಅಭ್ಯಾಸವಿತ್ತೋ! ನೆಟ್‌ವರ್ಕ್ ತಾನಾಗಿ ನಿಂತ ಸಲ ಎಷ್ಟು, ಅತ್ತೆ ನಿಲ್ಲಿಸಿದ ಸಲ ಎಷ್ಟು, ಆ ದೇವರೇ ಬಲ್ಲ. ಹಾಡು ನೆನಪಾಗದಾಗ ಅಡಗಿಕೊಳ್ಳಲು ಅವರಿಗೆ ಇದ್ದ ಒಂದೇ ಒಂದು ಮರೆಯನ್ನು ನಾನು ಅರ್ಧ ಬೆಲೆಗೆ ಕಿತ್ತು ಹಾಕಿದ್ದೆ, ಉಳಿದದ್ದನ್ನು ಮಂಚ ಹತ್ತಿ ಮುಗಿಸಿದ್ದೆ.

ಅತ್ತೆ ಕೈ ಕೆಳಗಿಳಿಸಿದರು. ಕಣ್ಣು ಒರೆಸಿಕೊಂಡರು. "ಹೌದ, ನೆನಪಾಗಲಿಲ್ಲ. ಹಾಡು ಬಾಯಿತನಕ ಬರ್ತೈತಿ, ಹೊರಗ ಬರೂದಿಲ್ಲ. ಡಾಕ್ಟರಿಗೆ ತೋರಸ್ತೀರಿ? ತೋರಸ್ರಿ" ಎಂದರು. ನಾನು ವೈರು ಬಿಟ್ಟು ಮಂಚದಿಂದ ಕೆಳಗಿಳಿದೆ. ಆಮೇಲೆ ಕಲಬುರಗಿ ಮೌಶಿ ಸಣ್ಣಗೆ, "ಅಕ್ಕಾ, ನಾ 'ಆವಾಜ್ ಬರವಲ್ದು, ಆವಾಜ್ ಬರವಲ್ದು' ಅಂತೀನಲ್ಲ? ಆವಾಜ್ ಛಲೋನಽ ಬರ್ತಿರತೈತಿ" ಎಂದರು. ಬೀದರ್ ಮೌಶಿ ಗಂಟಲು ಸರಿಮಾಡಿಕೊಂಡು, "ನಮ್ಮ ಮನಿ ಕುಕ್ಕರ್ ಮಧ್ಯಾಹ್ನ ಮೂರಕ್ಕ ಯಾಕ ಸೀಟಿ ಹೊಡೀತೈತಿ ಅಂತ ನೀವು ಯಾರೂ ಕೇಳಲಿಲ್ಲಲ್ಲ" ಎಂದರು. ಉಳಿದವರು ಇಂದೂ ಮೌಶಿ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಸೆರಗು ಸರಿಮಾಡಿಕೊಂಡರು, ಕನ್ನಡಕ ಒರೆಸಿದರು, ಕೊನೆಗೆ, "ನಾ ನಡುವಿನ ಸಾಲು ಮರತ್ರ ನಾನಽ ಹೊಸಾದು ಕಟ್ಟಿ ಹಾಡ್ತೀನಿ. ಕಡೀಕೆ ವಿಠ್ಠಲ ಅಂದ್ರ ಆತು, ನಿಮಗ್ಯಾರಿಗೂ ತಿಳೀದಿಲ್ಲ" ಎಂದುಬಿಟ್ಟರು.

"ಅದಕ್ಕಽ ಹೋದ ವಾರದ ಹಾಡಿನ್ಯಾಗ ಬದನೀಕಾಯಿ ಬಂದಿತ್ತೇನ!" ಎಂದು ಅತ್ತೆ ಅಬ್ಬರಿಸಿದರು. ಆಮೇಲೆ ಎದ್ದ ನಗು ನಮ್ಮ ಮನೆಯ ಮೂರೂ ಪೆಟ್ಟಿಗೆಗಳನ್ನು ದಾಟಿ ಕೆಳಗಿನ ಪಾರ್ಕಿಂಗ್‌ವರೆಗೂ ಹೋಗಿರಬೇಕು. ನಾಲ್ವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಂದೂ ಮೌಶಿ ತಾವೇ 'ಡ'ದ ಒಂದು ಹಾಡಿನ ಮೊದಲೆರಡು ಶಬ್ದ ಎತ್ತಿಕೊಟ್ಟರು. ಅತ್ತೆ ಉಳಿದದ್ದನ್ನು ಒಂದೂ ಅಕ್ಷರ ತಪ್ಪದೆ, ಕೊನೆಯ ಚರಣದವರೆಗೆ ಹಾಡಿದರು. ಬಾಗಿಲಲ್ಲಿ ನಿಂತಿದ್ದ ಪ್ರಹ್ಲಾದರು ಮೆಲ್ಲಗೆ ಒಳಗೆ ಬಂದು ತಾಯಿಯ ಪಕ್ಕದಲ್ಲಿ ಕುಳಿತರು. ಗೆಲುವು ಸೋಲು ಯಾರದೆಂದು ಅಂದು ಯಾರೂ ಹೇಳಲಿಲ್ಲ.

ನನ್ನದೊಂದು ದೌರ್ಬಲ್ಯ. ಇಷ್ಟೆಲ್ಲ ಆದಮೇಲೂ, ಚಿತ್ರ ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ಯಾರಾದರೂ ಒಂದು ಮಾತು ಹೇಳಲಿ ಎಂದು ಕಾಯುತ್ತ ಕ್ಯಾಮೆರಾದ ಮುಂದೆಯೇ ಸುಳಿದಾಡುತ್ತಿದ್ದೆ. ಇಂದೂ ಮೌಶಿ ಕೊನೆಗೂ ನನ್ನನ್ನು ಕರೆದರು. "ಸುಮಿತ್ರಾ, ಒಂದು ಮಾತು ಹೇಳ್ಲೇನು? ನೀ ತಂದ ಮಷಿನ್ ಭಾಳ ಮಸ್ತ್ ಐತಿ ನೋಡು. ಎಲ್ಲಾ ಸಾಫ್ ಕಾಣಸ್ತೈತಿ." ನಾನು ಉಬ್ಬಿದೆ. "ನಿಮ್ಮ ಫ್ಯಾನಿನ ಮ್ಯಾಲೆ, ಆ ಮೂಲ್ಯಾಗ, ಜೇಡರ ಬಲಿ ಕಟ್ಟೈತಲ್ಲ, ಅದೂ ಕಾಣಸ್ತೈತಿ." ಕೂಡಲೇ ಕಲಬುರಗಿ ಮತ್ತು ಬೀದರ್ ಎರಡೂ ಮುಖಗಳು ಪರದೆಗೆ ಹತ್ತಿರ ಬಂದವು. "ಹೌದಲ್ಲವಾ, ಎರಡು ಅದಾವು" ಎಂದರು ಬೀದರ್ ಮೌಶಿ. ಅತ್ತೆ ಫೋನನ್ನು ಎತ್ತಿ ಸರಿಯಾಗಿ ಆ ಮೂಲೆಗೇ ತಿರುಗಿಸಿ ಹಿಡಿದರು. ನಾನು ಸ್ಟೂಲ್ ಹತ್ತಿ ಪೊರಕೆ ಎತ್ತಿದೆ. "ಎಡಕ್ಕ, ಎಡಕ್ಕ", "ಇನ್ನೊಂಚೂರು ಮ್ಯಾಲೆ", "ಅಲ್ಲಲ್ಲ, ಅದರ ಹಿಂದ" ಎಂದು ಮೂರು ಊರುಗಳಿಂದ ಅಪ್ಪಣೆಗಳು ತಡೆಯಿಲ್ಲದೆ ಬರುತ್ತಿದ್ದವು. ಒಂದೇ ಒಂದು ಸಲ, ಒಂದೇ ಒಂದು ಕ್ಷಣ ಆ ಚಿತ್ರ ನಿಂತುಹೋಗಲಪ್ಪ ದೇವರೇ ಎಂದು ಪೊರಕೆ ಹಿಡಿದೇ ಬೇಡಿಕೊಂಡೆ. ನಿಲ್ಲಲಿಲ್ಲ.